ಐದು ಸಾವಿರ ಹೆಸರಿನ ಪಟ್ಟಿ ಮೊಬೈಲಿನಲ್ಲಿ ತಡವರಿಸುವುದೇಕೆ?

ಮದುವೆಗೆ ಸಾವಿರ ಮಂದಿ ಬರುತ್ತಾರೆಂದು ಗೊತ್ತಿದ್ದರೂ ಯಾರೂ ಸಾವಿರ ಎಲೆಯನ್ನು ಒಮ್ಮೆಲೇ ಹಾಸುವುದಿಲ್ಲ. ಚಪ್ಪರದಲ್ಲಿ ನೂರು ಮಂದಿಗೆ ಜಾಗವಿದ್ದರೆ ನೂರೇ ಎಲೆ. ಒಂದು ಪಂಕ್ತಿ ಎದ್ದ ಮೇಲೆ ಅದೇ ಜಾಗದಲ್ಲಿ ಮತ್ತೊಂದು ಪಂಕ್ತಿ. ಊರಿನ ಅಡುಗೆಯವರಿಗೆ ಅನಾದಿಯಿಂದ ಗೊತ್ತಿರುವ ಈ ವ್ಯವಸ್ಥೆಯನ್ನು ವೆಬ್ ಪುಟ ಕಟ್ಟುವವರು ಎಷ್ಟೋ ಸಲ ಮರೆಯುತ್ತಾರೆ. ಪರಿಣಾಮ ಏನೆಂಬುದು ಗಡಿನಾಡಿನ ಜನರಿಗೆ ಅನುಭವದಿಂದಲೇ ಗೊತ್ತು. ಫಲಾನುಭವಿಗಳ ಪಟ್ಟಿಯನ್ನೋ ಸೊಸೈಟಿಯ ಸದಸ್ಯರ ಪಟ್ಟಿಯನ್ನೋ ಮೊಬೈಲಿನಲ್ಲಿ ತೆರೆದರೆ ಪರದೆ ಬಿಳಿಚಿಕೊಂಡು ನಿಲ್ಲುತ್ತದೆ. ಬೆರಳಿನಿಂದ ಮೇಲೆ ತಳ್ಳಿದರೆ ಒಂದು ಕ್ಷಣ ಬಿಟ್ಟು ಸರಿಯುತ್ತದೆ. ಜನರು ನೆಟ್‌ವರ್ಕನ್ನು ಬೈಯುತ್ತಾರೆ. ಆದರೆ ಅನೇಕ ಸಲ ತಪ್ಪು ಟವರಿನದ್ದಲ್ಲ, ಪುಟ ಕಟ್ಟಿದವರದ್ದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಹಕಾರಿ ಸಂಘದಲ್ಲಿ 5,000 ಸದಸ್ಯರಿದ್ದಾರೆ. ಪುಟದಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು. ಆ ಸಾಲಿನಲ್ಲಿ ಕ್ರಮಸಂಖ್ಯೆ, ಕನ್ನಡದಲ್ಲಿ ಹೆಸರು, ಮಲಯಾಳದಲ್ಲಿ ಹೆಸರು, ಮನೆ ಹೆಸರು, ಸದಸ್ಯತ್ವ ಸಂಖ್ಯೆ, ಟಿಕ್ ಹಾಕುವ ಚೌಕ, ಹೀಗೆ ಎಲ್ಲ ಸೇರಿ ಎಂಟು ತುಣುಕುಗಳು. ಎಂಟನ್ನು ಐದು ಸಾವಿರದಿಂದ ಗುಣಿಸಿದರೆ 40,000. ಬ್ರೌಸರ್ ಈ ನಲವತ್ತು ಸಾವಿರ ತುಣುಕುಗಳನ್ನು ನೆನಪಿನಲ್ಲಿ ಮರದ ಕೊಂಬೆಗಳಂತೆ ಜೋಡಿಸಿಕೊಳ್ಳಬೇಕು. ಈ ಮರಕ್ಕೆ ತಂತ್ರಜ್ಞರು 'ಡಾಮ್' ಎನ್ನುತ್ತಾರೆ. ಬಳಿಕ ಪ್ರತಿಯೊಂದಕ್ಕೂ ಬಣ್ಣ, ಅಕ್ಷರದ ಗಾತ್ರ ನಿರ್ಧರಿಸಬೇಕು, ಪರದೆಯಲ್ಲಿ ಎಲ್ಲಿ ಕೂರಬೇಕೆಂದು ಅಳತೆ ಹಾಕಬೇಕು, ಕೊನೆಗೆ ಬಣ್ಣ ಬಳಿಯಬೇಕು. ಪುಟಗಳ ವೇಗ ಪರೀಕ್ಷಿಸಲು ಗೂಗಲ್ ಕೊಟ್ಟಿರುವ ಲೈಟ್‌ಹೌಸ್ ಎಂಬ ಸಾಧನವು ತುಣುಕುಗಳ ಸಂಖ್ಯೆ ಸುಮಾರು 800 ದಾಟಿದರೆ ಎಚ್ಚರಿಕೆ ಕೊಡುವಂತೆಯೂ, 1,400 ದಾಟಿದರೆ ದೋಷ ಎನ್ನುವಂತೆಯೂ ರೂಪಿಸಲಾಗಿತ್ತು. ನಮ್ಮ ಉದಾಹರಣೆಯ ಲೆಕ್ಕದಲ್ಲಿ ಆ ಮಿತಿ 175ನೇ ಸದಸ್ಯನಿಗೇ ಮುಗಿಯಿತು. ಉಳಿದ 4,825 ಮಂದಿ ಎಲ್ಲಿ ಕೂರಬೇಕು?

ಪರದೆ ನಯವಾಗಿ ಸರಿಯಬೇಕಾದರೆ ಸೆಕೆಂಡಿಗೆ 60 ಚಿತ್ರಗಳು ಬದಲಾಗಬೇಕು. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಪುಟ ತಡವರಿಸುತ್ತದೆ. ಬೆಂಗಳೂರಿನ ಕಚೇರಿಯ ಕಂಪ್ಯೂಟರಿನಲ್ಲಿ ಸುಲಲಿತವಾಗಿ ಓಡಿದ ಪುಟ ಕಡಿಮೆ ಬೆಲೆಯ ಫೋನಿನಲ್ಲಿ ಮುಗ್ಗರಿಸುವುದು ಇದೇ ಕಾರಣಕ್ಕೆ. ಪುಟ ಕಟ್ಟಿದವರು ಅದನ್ನು ಅಂಥ ಫೋನಿನಲ್ಲಿ ತೆರೆದು ನೋಡಿಯೇ ಇರುವುದಿಲ್ಲ ಎಂಬುದು ಬೇರೆ ಮಾತು.

ಇನ್ನು ನಮ್ಮ ಭಾಷೆಗಳಿಗೆ ಒಂದು ಹೆಚ್ಚುವರಿ ಹೊರೆಯೂ ಇದೆ. 'ಲಕ್ಷ್ಮಿ' ಎಂಬುದು ಕಣ್ಣಿಗೆ ಎರಡೇ ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಅದು ಲ, ಕ, ವಿರಾಮ ಚಿಹ್ನೆ, ಷ, ಮತ್ತೆ ವಿರಾಮ ಚಿಹ್ನೆ, ಮ, ಗುಡಿಸು ಎಂದು ಏಳು ಸಂಕೇತಗಳು. ಒಂದೊಂದಕ್ಕೆ ಮೂರು ಬೈಟಿನಂತೆ 21 ಬೈಟು. ಇಂಗ್ಲಿಷಿನಲ್ಲಿ ಬರೆದರೂ ಏಳು ಅಕ್ಷರಗಳೇ ಆಗುತ್ತವೆ, ಆದರೆ ಬರೀ 7 ಬೈಟು. ಆ ಏಳು ಸಂಕೇತಗಳನ್ನು ಒತ್ತಕ್ಷರದ ಸರಿಯಾದ ರೂಪಕ್ಕೆ ತರಲು ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳು ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಬಳಸುತ್ತವೆ. ಒಂದು ಹೆಸರಿಗಾದರೆ ಇದು ಲೆಕ್ಕಕ್ಕೇ ಬಾರದ ಕೆಲಸ. ಐದು ಸಾವಿರ ಹೆಸರು, ಅದೂ ಎರಡೆರಡು ಲಿಪಿಯಲ್ಲಿ ಎಂದಾಗ ಲೆಕ್ಕಕ್ಕೆ ಬರುತ್ತದೆ.

ಫೇಸ್‌ಬುಕ್‌ನಲ್ಲಿ ಹುಟ್ಟಿದ ಉಪಾಯ

ಪಟ್ಟಿ ಒಮ್ಮೆ ಪರದೆಗೆ ಬಂದರೆ ಮುಗಿಯಲಿಲ್ಲ. ಅದು ಬದಲಾಗುತ್ತಲೇ ಇರುತ್ತದೆ. ಒಬ್ಬರ ಹೆಸರು ಸೇರುತ್ತದೆ, ಇನ್ನೊಬ್ಬರದ್ದು ಹೋಗುತ್ತದೆ, ಕ್ರಮ ಅದಲುಬದಲಾಗುತ್ತದೆ. ಪ್ರತಿ ಬಾರಿಯೂ ಇಡೀ ಪಟ್ಟಿಯನ್ನು ಅಳಿಸಿ ಬರೆದರೆ ಸುಲಭ, ಆದರೆ ನಿಧಾನ. ಬದಲಾದ ಸಾಲನ್ನು ಮಾತ್ರ ಹುಡುಕಿ ತಿದ್ದಿದರೆ ವೇಗ, ಆದರೆ ಅದನ್ನು ಕೈಯಾರೆ ಬರೆಯುವ ಪ್ರೋಗ್ರಾಮರ್ ಎಲ್ಲಾದರೊಂದು ಕಡೆ ಎಡವುತ್ತಾನೆ.

ಈ ಇಕ್ಕಟ್ಟಿಗೆ ಫೇಸ್‌ಬುಕ್ ಕಂಪೆನಿಯ ಇಂಜಿನಿಯರ್ ಜೋರ್ಡನ್ ವಾಕ್ ಕಂಡುಕೊಂಡ ದಾರಿಯೇ 'ರಿಯಾಕ್ಟ್'. 2011ರಲ್ಲಿ ಫೇಸ್‌ಬುಕ್ಕಿನ ಸುದ್ದಿಸಾಲಿನಲ್ಲಿ ಇದರ ಬಳಕೆ ಆರಂಭವಾಯಿತು. 2012ರಲ್ಲಿ ಇನ್‌ಸ್ಟಾಗ್ರಾಂಗೆ ಬಂತು. 2013ರ ಮೇ ತಿಂಗಳಲ್ಲಿ ಅಮೆರಿಕದ ಜಾವಾಸ್ಕ್ರಿಪ್ಟ್ ಸಮ್ಮೇಳನದಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಡುಗಡೆಯಾಯಿತು. ಇದರಲ್ಲಿ ಪ್ರೋಗ್ರಾಮರ್ 'ಪಟ್ಟಿ ಈಗ ಹೀಗಿರಬೇಕು' ಎಂದಷ್ಟೇ ಹೇಳುತ್ತಾನೆ. ಹಳೆಯ ಪಟ್ಟಿಗೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ರಿಯಾಕ್ಟ್ ತಾನೇ ಹುಡುಕಿ, ಬೇಕಾದಷ್ಟನ್ನು ಮಾತ್ರ ತಿದ್ದುತ್ತದೆ.

ವ್ಯತ್ಯಾಸ ಹುಡುಕುವುದು ಹೇಳಿದಷ್ಟು ಸುಲಭವಲ್ಲ. ಎರಡು ಮರಗಳ ನಡುವಿನ ಕನಿಷ್ಠ ವ್ಯತ್ಯಾಸವನ್ನು ಕರಾರುವಾಕ್ಕಾಗಿ ಲೆಕ್ಕ ಹಾಕುವ ಸಾಮಾನ್ಯ ವಿಧಾನಗಳಲ್ಲಿ ಕೆಲಸವು ತುಣುಕುಗಳ ಸಂಖ್ಯೆಯ ಘನದಂತೆ ಬೆಳೆಯುತ್ತದೆ. ಸಾವಿರ ತುಣುಕಿದ್ದರೆ ನೂರು ಕೋಟಿ ಹೋಲಿಕೆ! ಆದ್ದರಿಂದ ರಿಯಾಕ್ಟ್ ಎರಡು ಊಹೆಗಳನ್ನು ಮಾಡಿಕೊಂಡು ಕೆಲಸವನ್ನು ಸಾವಿರದ ಆಸುಪಾಸಿಗೇ ಇಳಿಸಿಕೊಳ್ಳುತ್ತದೆ. ಮೊದಲನೆಯದು, ತುಣುಕಿನ ಜಾತಿಯೇ ಬೇರೆಯಾದರೆ ಹೋಲಿಸುತ್ತ ಕೂರದೆ ಹಳೆಯದನ್ನು ಕಿತ್ತು ಹೊಸದನ್ನು ನೆಡುವುದು. ಎರಡನೆಯದು, ಪಟ್ಟಿಯ ಪ್ರತಿ ಸಾಲಿಗೂ ಪ್ರೋಗ್ರಾಮರ್ ಒಂದು ಗುರುತು ಕೊಟ್ಟಿರುತ್ತಾನೆ ಎಂದು ನಂಬುವುದು. ಈ ಗುರುತಿಗೆ 'ಕೀ' ಎನ್ನುತ್ತಾರೆ. ಬೀಗದ ಕೀಯಲ್ಲ, ಶಾಲೆಯ ಹಾಜರಿ ಪುಸ್ತಕದ ರೋಲ್ ನಂಬರಿನಂಥದ್ದು.

ಎಲ್ಲ ಎಡವಟ್ಟೂ ಇಲ್ಲಿಯೇ ಆರಂಭವಾಗುವುದು.

ಗುರುತು ಕೊಡದಿದ್ದರೆ ರಿಯಾಕ್ಟ್ ಪ್ರೋಗ್ರಾಮರನಿಗೆ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯ ಕಾಟ ತಪ್ಪಿಸಿಕೊಳ್ಳಲು ಅನೇಕರು ಒಂದನೇ ಸಾಲು, ಎರಡನೇ ಸಾಲು ಎಂಬ ಸ್ಥಾನವನ್ನೇ ಗುರುತಾಗಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಎಚ್ಚರಿಕೆ ನಿಲ್ಲುತ್ತದೆ, ರೋಗ ಉಳಿಯುತ್ತದೆ. ಹೇಗೆಂದು ನೋಡಿ. ಪಟ್ಟಿಯಲ್ಲಿ ಗೋಪಾಲ, ಲಕ್ಷ್ಮಿ, ಮಹಮ್ಮದ್ ಎಂದು ಮೂರು ಹೆಸರಿವೆ ಎಂದುಕೊಳ್ಳೋಣ. ಪ್ರತಿ ಹೆಸರಿನ ಪಕ್ಕ ಷರಾ ಬರೆಯಲು ಒಂದು ಖಾಲಿ ಚೌಕ. ಗುಮಾಸ್ತರು ಲಕ್ಷ್ಮಿಯ ಮುಂದೆ 'ಸಾಲ ತೀರಿದೆ' ಎಂದು ಬರೆದರು. ಅಷ್ಟರಲ್ಲಿ ಗೋಪಾಲನ ಹೆಸರು ಪಟ್ಟಿಯಿಂದ ಹೋಯಿತು. ಈಗ ಒಂದನೇ ಸ್ಥಾನದಲ್ಲಿ ಲಕ್ಷ್ಮಿ, ಎರಡನೇ ಸ್ಥಾನದಲ್ಲಿ ಮಹಮ್ಮದ್. ಆದರೆ ರಿಯಾಕ್ಟ್‌ಗೆ ಗೊತ್ತಿರುವುದು ಸ್ಥಾನ ಮಾತ್ರ. ಒಂದು ಮತ್ತು ಎರಡು ಇದ್ದಲ್ಲೇ ಇವೆ, ಮೂರನೆಯದು ಮಾಯವಾಗಿದೆ ಎಂದು ಅದು ತಿಳಿಯುತ್ತದೆ. ಕೊನೆಯ ಸಾಲನ್ನು ಕಿತ್ತು ಹಾಕಿ, ಉಳಿದೆರಡು ಸಾಲುಗಳಲ್ಲಿ ಹೆಸರನ್ನಷ್ಟೇ ಬದಲಿಸುತ್ತದೆ. ಚೌಕದಲ್ಲಿ ಬರೆದ ಷರಾ ಎರಡನೇ ಸಾಲಿನಲ್ಲೇ ಉಳಿಯಿತು. ಲಕ್ಷ್ಮಿ ತೀರಿಸಿದ ಸಾಲ ಪರದೆಯ ಮೇಲೆ ಮಹಮ್ಮದನ ಹೆಸರಿಗೆ ಬಿತ್ತು!

ಷರಾವನ್ನು ಚೌಕದಲ್ಲಿ ಮಾತ್ರ ಇಟ್ಟಿದ್ದರೆ ಈ ಅವಘಡ. ಸದಸ್ಯರ ದಾಖಲೆಯ ಜೊತೆಗೇ ಜೋಪಾನವಾಗಿ ಇಟ್ಟಿದ್ದರೆ ಹೀಗಾಗುವುದಿಲ್ಲ. ಆದರೂ ಪಟ್ಟಿಯ ಮಧ್ಯದಿಂದ ಹೆಸರು ಹೋಗುವ, ಕ್ರಮ ಬದಲಾಗುವ ಸಂಭವವಿದ್ದಲ್ಲಿ ಸ್ಥಾನವನ್ನು ಗುರುತಾಗಿಸುವುದು ಅಪಾಯವೇ ಸರಿ. ಎಂದೂ ಬದಲಾಗದ ಪಟ್ಟಿಗೆ, ಉದಾಹರಣೆಗೆ ವಾರದ ಏಳು ದಿನಗಳಿಗೆ, ಅದರಿಂದ ತೊಂದರೆಯಿಲ್ಲ.

ಇನ್ನು ಕೆಲವರು ಬುದ್ಧಿವಂತಿಕೆಯಿಂದ ಪ್ರತಿ ಬಾರಿಯೂ ಯಾವುದಾದರೊಂದು ಯಾದೃಚ್ಛಿಕ ಸಂಖ್ಯೆಯನ್ನು ಗುರುತಾಗಿ ಕೊಡುತ್ತಾರೆ. ಇದು ದಿನಕ್ಕೊಂದು ರೋಲ್ ನಂಬರ್ ಕೊಟ್ಟಂತೆ. ಯಾವ ಸಾಲೂ ಹಳೆಯದೆಂದು ರಿಯಾಕ್ಟ್‌ಗೆ ತಿಳಿಯುವುದೇ ಇಲ್ಲ. ಎಲ್ಲವನ್ನೂ ಕಿತ್ತು ಹೊಸದಾಗಿ ಕಟ್ಟುತ್ತದೆ. ಮೊಬೈಲಿನಲ್ಲಿ ಒಂದು ಅಕ್ಷರ ಒತ್ತಿದೊಡನೆ ಕೀಲಿಮಣೆ ಮುಚ್ಚಿಕೊಂಡು, ಮತ್ತೆ ಚೌಕವನ್ನು ಮುಟ್ಟಿದ ಮೇಲೆಯೇ ಎರಡನೇ ಅಕ್ಷರ ಬರೆಯಬೇಕಾದ ಪುಟ ಸಿಕ್ಕಿದರೆ ಇಂಥದ್ದೇನೋ ನಡೆದಿದೆ ಎಂದು ಶಂಕಿಸಬಹುದು.

ಹಾಗಾದರೆ ಹೆಸರನ್ನೇ ಗುರುತು ಮಾಡಿದರೆ? ಗಡಿನಾಡಿನವರು ಈ ಪ್ರಶ್ನೆಗೆ ನಗಬೇಕು. ಒಂದೇ ವಾರ್ಡಿನಲ್ಲಿ ನಾಲ್ಕು ಮಂದಿ ಲಕ್ಷ್ಮಿಯರು, ಆರು ಮಂದಿ ಅಬ್ದುಲ್ಲರು ಇರುವುದು ಹೊಸತೇನಲ್ಲ. ಗುರುತು ಎರಡು ಸಲ ಬಂದರೆ ರಿಯಾಕ್ಟ್ ಗೊಂದಲಕ್ಕೆ ಬಿದ್ದು ಒಂದು ಸಾಲನ್ನು ಎರಡೆರಡು ಸಲ ತೋರಿಸಬಹುದು, ಇಲ್ಲವೇ ಬಿಟ್ಟೇಬಿಡಬಹುದು. ಅದೂ ಸಾಲದೆಂಬಂತೆ, ಕನ್ನಡದಲ್ಲಿ 'ಗೋಪಾಲ' ಆದವನು ಮಲಯಾಳದ ದಾಖಲೆಯಲ್ಲಿ 'ಗೋಪಾಲನ್', ತಮಿಳಿನ ದಾಖಲೆಯಲ್ಲಿ 'ಕೋಪಾಲನ್' ಎಂದು ಓದಿಸಿಕೊಳ್ಳುತ್ತಾನೆ. ಪುಟದ ಮೇಲ್ಭಾಗದಲ್ಲಿ ಭಾಷೆ ಬದಲಿಸುವ ಗುಂಡಿಯನ್ನು ಒತ್ತಿದೊಡನೆ ಐದು ಸಾವಿರ ಹೆಸರುಗಳೂ ಬೇರೆಯಾಗುತ್ತವೆ. ಹೆಸರೇ ಗುರುತಾಗಿದ್ದರೆ ಐದು ಸಾವಿರ ಮಂದಿಯೂ ಹೊರಟುಹೋಗಿ ಐದು ಸಾವಿರ ಹೊಸಬರು ಬಂದರೆಂದೇ ರಿಯಾಕ್ಟ್ ಭಾವಿಸುತ್ತದೆ. ಸದಸ್ಯತ್ವ ಸಂಖ್ಯೆ ಗುರುತಾಗಿದ್ದರೆ ಸಾಲುಗಳು ಇದ್ದಲ್ಲೇ ಇದ್ದು ಅಕ್ಷರ ಮಾತ್ರ ಬದಲಾಗುತ್ತದೆ. ಮನುಷ್ಯನ ಜೊತೆ ಎಂದೂ ಬದಲಾಗದೆ ಉಳಿಯುವ ಸಂಖ್ಯೆಯೇ ಸರಿಯಾದ ಗುರುತು.

ಇದು ರಿಯಾಕ್ಟ್ ಒಂದರ ಕಥೆಯಲ್ಲ. ಇವಾನ್ ಯೂ ಅವರು 2014ರಲ್ಲಿ ಬಿಡುಗಡೆ ಮಾಡಿದ ವ್ಯೂ ಚೌಕಟ್ಟಿನಲ್ಲಿಯೂ ಕೀ ಇದೆ. ಗೂಗಲಿನ ಆಂಗ್ಯುಲರ್‌ನಲ್ಲಿ ಈ ಗುರುತು ಬಹುಕಾಲ ಐಚ್ಛಿಕವಾಗಿತ್ತು. ಸರ್ವರಿನಿಂದ ಅದೇ ಪಟ್ಟಿಯನ್ನು ಮತ್ತೊಮ್ಮೆ ತರಿಸಿದರೂ, ಗುರುತು ಕೊಡದ ಪ್ರೋಗ್ರಾಮರನ ಪುಟದಲ್ಲಿ ಎಲ್ಲ ಸಾಲುಗಳೂ ಹೊಸದಾಗಿ ಕಟ್ಟಲ್ಪಡುತ್ತಿದ್ದವು. 2023ರ ನವೆಂಬರಿನಲ್ಲಿ ಬಂದ 17ನೇ ಆವೃತ್ತಿಯ ಹೊಸ ಬರವಣಿಗೆಯಲ್ಲಿ ಅದನ್ನು ಕಡ್ಡಾಯ ಮಾಡಿದರು. ತಡವಾಗಿಯಾದರೂ ಒಳ್ಳೆಯ ಕೆಲಸ ಎನ್ನಬೇಕು.

ಗುರುತು ಸರಿಯಿದ್ದರೂ ಚೌಕಟ್ಟುಗಳ ಜಾಣತನದಲ್ಲಿ ವ್ಯತ್ಯಾಸವಿದೆ. ಸಾಲಿನ ಕೊನೆಯವನು ಎದ್ದು ಬಂದು ಮೊದಲಿಗೆ ನಿಂತನೆನ್ನಿ. ನೋಡುವವರಿಗೆ ಕದಲಿದವನು ಅವನೊಬ್ಬನೇ. ರಿಯಾಕ್ಟ್ ಮಾತ್ರ ಅವನನ್ನು ಇದ್ದಲ್ಲೇ ಬಿಟ್ಟು ಉಳಿದವರೆಲ್ಲರನ್ನೂ ಒಬ್ಬೊಬ್ಬರಾಗಿ ಅವನ ಹಿಂದಕ್ಕೆ ಸಾಗಿಸುತ್ತದೆ. 2020ರಲ್ಲಿ ಬಂದ ವ್ಯೂ 3 ಹಾಗಲ್ಲ. ಪರಸ್ಪರ ಕ್ರಮ ತಪ್ಪದೆ ನಿಂತಿರುವವರ ಅತಿ ಉದ್ದದ ಸಾಲು ಯಾವುದೆಂದು ಮೊದಲು ಕಂಡುಹಿಡಿದು, ಅವರನ್ನು ಮುಟ್ಟದೆ, ಕ್ರಮ ತಪ್ಪಿದವರನ್ನಷ್ಟೇ ಕದಲಿಸುತ್ತದೆ.

ಅಕಾರಾದಿಯ ಒಂದು ತಮಾಷೆ

ಕ್ರಮದ ಮಾತು ಬಂದಾಗ ಒಂದು ತಮಾಷೆಯ ಸಂಗತಿಯನ್ನು ಹೇಳಲೇಬೇಕು. ಹೆಸರುಗಳನ್ನು ಯುನಿಕೋಡ್ ಸಂಖ್ಯೆಯ ಪ್ರಕಾರ ಸುಮ್ಮನೆ ಜೋಡಿಸಿದರೆ ಇಂಗ್ಲಿಷ್ ಮೊದಲು, ಆಮೇಲೆ ದೇವನಾಗರಿ, ತಮಿಳು, ತೆಲುಗು, ಕನ್ನಡ, ಮಲಯಾಳ ಈ ಕ್ರಮದಲ್ಲಿ ಬರುತ್ತವೆ. ಹಾಗಾಗಿ ಅಕ್ಕಲಕೋಟೆಯ ಮಿಶ್ರ ಪಟ್ಟಿಯಲ್ಲಿ ಮರಾಠಿ ಹೆಸರುಗಳೆಲ್ಲ ಮುಗಿದ ಮೇಲೆ ಕನ್ನಡದ ಸರದಿ. ಆದೋನಿಯಲ್ಲಿ ತೆಲುಗಿನ ಬಳಿಕ, ತಾಳವಾಡಿಯಲ್ಲಿ ತಮಿಳಿನ ಬಳಿಕ. ಕಾಸರಗೋಡು, ವಯನಾಡುಗಳಲ್ಲಿ ಮಾತ್ರ ಕನ್ನಡಕ್ಕೆ ಮೊದಲ ಪಂಕ್ತಿ! ಕನ್ನಡದೊಳಗೂ 'ಳ' ಅಕ್ಷರ ವರ್ಣಮಾಲೆಯ ಕೊನೆಯಲ್ಲಿರದೆ 'ಲ'ದ ಬೆನ್ನಿಗೇ ಬಂದು ಕೂರುತ್ತದೆ. ಆಯಾ ಭಾಷೆಯ ರೂಢಿಯಂತೆ ಜೋಡಿಸುವ ಸೌಲಭ್ಯ ಬ್ರೌಸರುಗಳಲ್ಲಿದೆ, ಆದರೆ ಅದಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ. ಆದ್ದರಿಂದ ಒಮ್ಮೆ ಜೋಡಿಸಿ ಇಟ್ಟುಕೊಳ್ಳಬೇಕೇ ಹೊರತು, ಬೆರಳು ತಾಗಿದಾಗಲೆಲ್ಲ ಐದು ಸಾವಿರ ಹೆಸರನ್ನು ಮತ್ತೆ ಜೋಡಿಸಬಾರದು. ಹುಡುಕುವ ಚೌಕದಲ್ಲಿ ಟೈಪ್ ಮಾಡುವಾಗಲೂ ಇದೇ ತೊಂದರೆ. ಪ್ರತಿ ಅಕ್ಷರಕ್ಕೂ ಪಟ್ಟಿಯನ್ನು ಸೋಸುತ್ತ ಹೋದರೆ ಅಕ್ಷರವೇ ತಡವಾಗಿ ಮೂಡುತ್ತದೆ. 2022ರ ಮಾರ್ಚ್‌ನಲ್ಲಿ ಬಂದ ರಿಯಾಕ್ಟ್ 18ರಲ್ಲಿ ಅಕ್ಷರ ಮೊದಲು, ಪಟ್ಟಿ ಆಮೇಲೆ ಎಂದು ಆದ್ಯತೆ ಕೊಡುವ ಅವಕಾಶವನ್ನು ಕಲ್ಪಿಸಲಾಗಿದೆ.

ಪಂಕ್ತಿ ಊಟದ ಲೆಕ್ಕ

ಇಷ್ಟೆಲ್ಲ ಮಾಡಿದರೂ ನಲವತ್ತು ಸಾವಿರ ತುಣುಕುಗಳು ಪುಟದಲ್ಲೇ ಇವೆ. ಇಲ್ಲಿ ಮದುವೆ ಚಪ್ಪರದ ವ್ಯವಸ್ಥೆ ನೆರವಿಗೆ ಬರುತ್ತದೆ. ಪರದೆಯ ಎತ್ತರ 800 ಪಿಕ್ಸೆಲ್, ಒಂದು ಸಾಲಿನ ಎತ್ತರ 64 ಪಿಕ್ಸೆಲ್ ಎಂದುಕೊಳ್ಳಿ. ಒಮ್ಮೆಗೆ ಕಾಣುವುದು ಹದಿಮೂರು ಸಾಲು. ಬೆರಳು ಬೇಗ ಸರಿದರೆ ಖಾಲಿ ಕಾಣಬಾರದೆಂದು ಮೇಲೆ ಐದು, ಕೆಳಗೆ ಐದು ಸೇರಿಸಿದರೆ 23 ಸಾಲು. ಅಂದರೆ 184 ತುಣುಕು. ನಲವತ್ತು ಸಾವಿರವೆಲ್ಲಿ, 184 ಎಲ್ಲಿ!

ಉಳಿದ ಸದಸ್ಯರು ಬರೀ ದಾಖಲೆಯಾಗಿ ನೆನಪಿನಲ್ಲಿರುತ್ತಾರೆ, ಅವರಿಗೆ ಎಲೆ ಹಾಕಿರುವುದಿಲ್ಲ. ಪಟ್ಟಿ ನಿಜಕ್ಕೂ ಉದ್ದವಾಗಿದೆ ಎಂದು ತೋರಿಸಲು ಪುಟದಲ್ಲಿ 3,20,000 ಪಿಕ್ಸೆಲ್ ಎತ್ತರದ ಖಾಲಿ ಪೆಟ್ಟಿಗೆಯೊಂದನ್ನು ಇಡುತ್ತಾರೆ. ಓದುಗರು 96,000 ಪಿಕ್ಸೆಲ್ ಕೆಳಗೆ ಸರಿದರೆ, ಅದನ್ನು 64ರಿಂದ ಭಾಗಿಸಿ, 1,500 ಸಾಲು ಮೇಲೆ ಹೋಗಿವೆ, ಈಗ 1,501ನೆಯವನಿಂದ ತೋರಿಸಬೇಕು ಎಂದು ಲೆಕ್ಕ ಸಿಗುತ್ತದೆ. ಮೊಬೈಲಿನ ಆಪ್‌ಗಳಲ್ಲಿ ಇದು ಹಳೆಯ ಪದ್ಧತಿ. ಆಂಡ್ರಾಯ್ಡ್ ಶುರುವಿನಿಂದಲೂ ಪರದೆಯಿಂದ ಮರೆಯಾದ ಸಾಲನ್ನೇ ಮುಂದಿನ ಹೆಸರಿಗೆ ಮರುಬಳಕೆ ಮಾಡುತ್ತ ಬಂದಿದೆ. ಎರಡು ಸಾವಿರ ನಂಬರಿರುವ ಫೋನ್ ಪುಸ್ತಕ ಬೆಣ್ಣೆಯಂತೆ ಜಾರುವುದು ಇದರಿಂದಲೇ. ವೆಬ್ ಪುಟಗಳಲ್ಲಿ ರಿಯಾಕ್ಟ್ ಬಳಸುವವರಿಗಾಗಿ ಬ್ರಯನ್ ವಾನ್ ಅವರು ರಿಯಾಕ್ಟ್ ವರ್ಚುವಲೈಸ್ಡ್, ರಿಯಾಕ್ಟ್ ವಿಂಡೋ ಎಂಬ ಸಾಧನಗಳನ್ನು ಬರೆದರು. ಆಂಗ್ಯುಲರ್‌ಗೆ 2018ರ 7ನೇ ಆವೃತ್ತಿಯ ಜೊತೆಗೆ ಇಂಥ ಸೌಲಭ್ಯ ಬಂತು.

ಆದರೆ ಎಲ್ಲ ಸಾಲಿಗೂ ಒಂದೇ ಎತ್ತರ ಎಂಬ ಊಹೆ ಇಂಗ್ಲಿಷಿನವರದ್ದು. ಮಲಯಾಳದ ಉದ್ದದ ಮನೆ ಹೆಸರು ಎರಡು ಸಾಲಿಗೆ ಮಡಚಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಆಗ ಒಂದರ ಮೇಲೊಂದು ಬಿದ್ದು ಲಕ್ಷ್ಮಿಯ ಒತ್ತು ಮಹಮ್ಮದನ ತಲೆಗೆ ತಾಗುತ್ತದೆ. ಪ್ರತಿ ಸಾಲನ್ನು ತೋರಿಸಿದ ಬಳಿಕ ಅದರ ನಿಜವಾದ ಎತ್ತರ ಅಳೆದು ಲೆಕ್ಕ ತಿದ್ದಿಕೊಳ್ಳುವ ವಿಧಾನವೂ ಇದೆ. ಸ್ವಲ್ಪ ನಿಧಾನ, ಬದಿಯ ಸರಿಪಟ್ಟಿ ಆಗಾಗ ಹಾರುವುದೂ ಉಂಟು.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಎಫ್ ಒತ್ತಿ ಹೆಸರು ಹುಡುಕುವುದು ಎಲ್ಲರಿಗೂ ಗೊತ್ತು. ಮೊಬೈಲಿನಲ್ಲಿ 'ಪುಟದಲ್ಲಿ ಹುಡುಕಿ' ಎಂಬ ಆಯ್ಕೆಯಿದೆ. ಬ್ರೌಸರ್ ಹುಡುಕುವುದು ಪುಟದಲ್ಲಿ ಇರುವುದನ್ನು ಮಾತ್ರ. ಪಂಕ್ತಿ ಪದ್ಧತಿಯ ಪುಟದಲ್ಲಿ ಆ ಕ್ಷಣಕ್ಕೆ ಇರುವುದು 23 ಸಾಲು. ಸದಸ್ಯನ ಹೆಸರು 3,000ನೆಯದಾಗಿದ್ದರೆ 'ಸೊನ್ನೆ ಫಲಿತಾಂಶ' ಎಂಬ ಉತ್ತರ ಬರುತ್ತದೆ. ಪಟ್ಟಿಯಲ್ಲಿ ತನ್ನ ಹೆಸರಿಲ್ಲ ಎಂದು ನಂಬಿ ಒಬ್ಬ ವೃದ್ಧೆ ಬಸ್ಸು ಹತ್ತಿ ಕಚೇರಿಗೆ ಅಲೆಯಲು ಇಷ್ಟು ಸಾಕು. ಪುಟವನ್ನು ಪ್ರಿಂಟ್ ಮಾಡಿದರೂ ಹಾಗೆಯೇ, ಕಂಡಷ್ಟು ಸಾಲು ಮಾತ್ರ ಕಾಗದಕ್ಕೆ ಬರುತ್ತವೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಒಟ್ಟು ಎಷ್ಟು ಸಾಲು, ಇದು ಎಷ್ಟನೆಯದು ಎಂದು ಪ್ರತ್ಯೇಕವಾಗಿ ತಿಳಿಸದಿದ್ದರೆ ಅದೂ ಪಟ್ಟಿ 23ಕ್ಕೇ ಮುಗಿಯಿತೆಂದುಕೊಳ್ಳುತ್ತದೆ.

ನಡುವಿನ ದಾರಿಯೂ ಒಂದಿದೆ. ಎಲ್ಲ ಸಾಲುಗಳೂ ಪುಟದಲ್ಲಿರಲಿ, ಪರದೆಯ ಹೊರಗಿರುವವಕ್ಕೆ ಅಳತೆ ಹಾಕುವ, ಬಣ್ಣ ಬಳಿಯುವ ಕೆಲಸವನ್ನು ಮುಂದೂಡು ಎಂದು ಬ್ರೌಸರಿಗೆ ಹೇಳುವ ಸೂಚನೆ. ಕ್ರೋಮ್‌ನಲ್ಲಿ ಇದು 2020ರ ಆಗಸ್ಟಿನಲ್ಲಿ ಬಂತು, ಫೈರ್‌ಫಾಕ್ಸ್ ಮತ್ತು ಸಫಾರಿಗಳಿಗೆ 2024ರಲ್ಲಿ. ಹೀಗೆ ಮಾಡಿದ ಪುಟದಲ್ಲಿ ಕ್ರೋಮ್ ಕಾಣದ ಸಾಲನ್ನೂ ಹುಡುಕಿ ಕೊಡುತ್ತದೆ. ನೆನಪಿನ ಹೊರೆ ಪೂರ್ತಿ ಇಳಿಯುವುದಿಲ್ಲ ನಿಜ. ಆದರೂ ಕೆಲವು ಸಾವಿರದೊಳಗಿನ ಸಾರ್ವಜನಿಕ ಪಟ್ಟಿಗಳಿಗೆ ಇದೇ ಮೇಲು. ಜನ ತಮ್ಮ ಹೆಸರು ಹುಡುಕಲೆಂದೇ ಬರುವ ಪುಟದಲ್ಲಿ ಹುಡುಕಾಟವೇ ಕೆಟ್ಟರೆ ಜಾರುವ ನಯದಿಂದ ಪ್ರಯೋಜನವೇನು?

ಐದು ಸಾವಿರ ಹೆಸರನ್ನು ಒಮ್ಮೆಲೇ ಕಳಿಸಬೇಕೇ ಎಂಬ ಪ್ರಶ್ನೆಯನ್ನು ಮೊದಲೇ ಕೇಳಬಹುದಿತ್ತು. ಐವತ್ತೈವತ್ತರ ಪುಟಗಳಾಗಿ ಒಡೆದರೆ ಡೇಟಾ ಖರ್ಚೂ ಕಡಿಮೆ. ಕೆಳಗೆ ಸರಿದಂತೆ ತಾನಾಗಿ ತುಂಬಿಕೊಳ್ಳುವ ಕೊನೆಯಿಲ್ಲದ ಪಟ್ಟಿ ಇನ್ನೊಂದು ಬಗೆ. 2006ರಲ್ಲಿ ಅದನ್ನು ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟಿದ್ದಾರೆ. ಸುದ್ದಿ, ಚಿತ್ರಗಳಿಗೆ ಅದು ಹೊಂದೀತು, ಹೆಸರಿನ ಪಟ್ಟಿಗಲ್ಲ. ಪುಟದ ತಳದಲ್ಲಿರುವ ಕಚೇರಿಯ ಫೋನ್ ನಂಬರ್ ಕೈಗೆ ಸಿಗುವುದೇ ಇಲ್ಲ, ಹತ್ತಿರ ಹೋದಂತೆ ಅದೂ ಕೆಳಗೆ ಜಾರುತ್ತದೆ.

ಪುಟ ಒಡೆಯುವುದರಲ್ಲಿಯೂ ಸ್ಥಾನದ ಮೋಸ ಮತ್ತೆ ತಲೆಹಾಕುತ್ತದೆ. ಮೊದಲ ಪುಟದಲ್ಲಿ 1ರಿಂದ 50 ನೋಡುತ್ತಿರುವಾಗ ಕಚೇರಿಯಲ್ಲಿ ಯಾರೋ 10ನೇ ಹೆಸರನ್ನು ಅಳಿಸಿದರು. 51ನೆಯವನು ಈಗ 50ನೆಯವನಾದ. ಓದುಗರು ಎರಡನೇ ಪುಟ ಒತ್ತಿದರೆ ಸರ್ವರ್ ಈಗಿನ 51ರಿಂದ ಕೊಡುತ್ತದೆ, ಅವನು ಹಳೆಯ 52ನೆಯವನು. ನಡುವಿನವನು ಎರಡು ಪುಟಗಳ ಸಂದಿಯಲ್ಲಿ ಬಿದ್ದುಹೋದ. ದಾಖಲೆಯಲ್ಲಿ ಇದ್ದಾನೆ, ಓದಿದವರ ಕಣ್ಣಿಗೆ ಬೀಳಲಿಲ್ಲ. '50ರ ನಂತರದ್ದು ಕೊಡು' ಎನ್ನುವ ಬದಲು, ಪಟ್ಟಿಯನ್ನು ಸದಸ್ಯತ್ವ ಸಂಖ್ಯೆಯ ಕ್ರಮದಲ್ಲಿಟ್ಟು 'ಇಂಥ ಸಂಖ್ಯೆಯ ಸದಸ್ಯನ ನಂತರದ್ದು ಕೊಡು' ಎಂದು ಕೇಳುವಂತೆ ಬರೆದರೆ ಈ ಸಂದಿ ಮುಚ್ಚುತ್ತದೆ.

ಪುಟ ಕಟ್ಟುವವರು ಇದನ್ನೆಲ್ಲ ಸರಿಮಾಡುವವರೆಗೆ ಹೆಸರು ಹುಡುಕುವವರು ಬ್ರೌಸರಿನ ಹುಡುಕಾಟವನ್ನು ನಂಬದೆ, ಪುಟದಲ್ಲೇ ಕೊಟ್ಟಿರುವ ಹುಡುಕುವ ಚೌಕವನ್ನು ಬಳಸುವುದು ಕ್ಷೇಮ. ಅಲ್ಲಿ ಹೆಸರಿಗಿಂತ ಸದಸ್ಯತ್ವ ಸಂಖ್ಯೆ ಅಥವಾ ಪಡಿತರ ಚೀಟಿ ಸಂಖ್ಯೆಯನ್ನು ಹಾಕಬೇಕು. ಹೆಸರನ್ನೇ ಹಾಕುವುದಾದರೆ ಕನ್ನಡದಲ್ಲಿ ಸಿಗದಿದ್ದಾಗ ನೆರೆಭಾಷೆಯ ಲಿಪಿಯಲ್ಲಿಯೂ ಒಮ್ಮೆ ಬರೆದು ನೋಡಬೇಕು. ಕಾಗದದ ಪ್ರತಿ ಬೇಕಿದ್ದವರು ಬ್ರೌಸರಿನ ಪ್ರಿಂಟ್ ಒತ್ತುವ ಮೊದಲು ಪುಟದಲ್ಲಿ ಪಿಡಿಎಫ್ ಕೊಂಡಿ ಇದೆಯೇ ಎಂದು ನೋಡಿಕೊಳ್ಳಬಹುದು.